ಮೀನುದೋಣಿಗಳ ನಡುವೆ ಒಂದು ಸಬ್‌ಮರೀನು

ಕಾರ್ತಿಕ ಕಳೆದು, ಕಡಲೇಕಾಯಿ ಕಿತ್ತ ಹೊಲಗಳು ಬರಿದಾಗಿ ಬಿದ್ದಿದ್ದವು. ಬರಗೂರಿನ ಸುತ್ತಿನ ಒಕ್ಕಲುಗಳು ಕುರಿಯವರನ್ನು ಕರೆದು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುವ ಕಾಲ. ನರಸಪ್ಪ ಕೋಳಿ ಕೂಗುವ ಹೊತ್ತಿಗೇ ಎದ್ದು ಕುರಿ ಕೂಡಿದ ರೊಪ್ಪದ ಗೂಟಗಳನ್ನು ಅಲುಗಿಸಿ ಕೀಳುತ್ತಿದ್ದ. ಗೂಟ ಕಿತ್ತು, ಬಲೆ ಸುತ್ತಿ, ಇಪ್ಪತ್ತು ಹೆಜ್ಜೆ ಆಚೆಗೆ ಒಯ್ದು ಮತ್ತೆ ನೆಡಬೇಕು. ಕುರಿಗಳು ನಿನ್ನೆ ಮಲಗಿದ ನೆಲದಲ್ಲಿ ಇವತ್ತು ಮಲಗಿದರೆ ಹೊಲದವನಿಗೆ ಗೊಬ್ಬರ ಸಮನಾಗಿ ಬೀಳುವುದಿಲ್ಲ. ಹೆಂಡತಿ ಭೀಮಕ್ಕ ಎಳೆಮರಿಗಳನ್ನು ಬಿದಿರಿನ ಮಂಕರಿ ಕೆಳಗೆ ಕವುಚಿ ತಾಯಿಕುರಿಗಳನ್ನು ಹೊರಗೆ ಅಟ್ಟುತ್ತಿದ್ದಳು. ಇಬ್ಬರೂ ಮಾತಿಲ್ಲದೆ ಬೇಗಬೇಗ ಕೈಯಾಡಿಸುತ್ತಿದ್ದರು. ಅಂದು ಮಂಗಳವಾರ. ಏಳು ಗಂಟೆ ಬಸ್ಸಿಗೆ ನರಸಪ್ಪ ತಮ್ಮನನ್ನು ಹತ್ತಿಸಿಕೊಂಡು ಮಧುಗಿರಿಗೆ ಹೋಗಬೇಕು.

ತಮ್ಮ ಜಯರಾಮು ಆ ಹಟ್ಟಿಯಲ್ಲಿ ಕಡಲು ಕಂಡ ಒಬ್ಬನೇ ಮನುಷ್ಯ. ಹದಿನೈದು ವರ್ಷ ನೌಕಾಪಡೆಯಲ್ಲಿದ್ದ. ಏನು ಕೆಲಸವೆಂದು ಹಟ್ಟಿಯವರು ಕೇಳಿದರೆ ಕೇಳುವ ಕೆಲಸ ಅನ್ನುತ್ತಿದ್ದ. ಹಡಗಿನ ಹೊಟ್ಟೆಯೊಳಗೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ನೀರಿನ ಕೆಳಗೆ ಬರುವ ಸದ್ದು ಮೀನಿನದೋ, ದೋಣಿಯದೋ, ಬೇರೆ ದೇಶದ ಸಬ್‌ಮರೀನಿನದೋ ಹೇಳುವುದು. ಪಿಂಚಣಿ ತಗೊಂಡು ಬಂದು ಶಿರಾದ ಬ್ಯಾಂಕೊಂದರಲ್ಲಿ ಕಾವಲಿಗೆ ಸೇರಿದ. ಐವತ್ತಕ್ಕೆ ಕಿಡ್ನಿ ಎರಡೂ ಕೈಕೊಟ್ಟವು. ಈಗ ಎರಡು ವರ್ಷದಿಂದ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮಧುಗಿರಿಯ ಆಸ್ಪತ್ರೆಯಲ್ಲಿ ನಾಲ್ಕು ತಾಸು ಡಯಾಲಿಸಿಸ್. ಹೋಗುವಾಗ ಹೇಗೋ ನಡೆದುಬಿಡುತ್ತಿದ್ದ. ಬರುವಾಗ ಕಾಲಲ್ಲಿ ಜೀವ ಇರುತ್ತಿರಲಿಲ್ಲ. ಹೆಂಡತಿ ಶಾಂತಕುಮಾರಿಗೆ ಅಂಗನವಾಡಿ ಕೆಲಸ. ಮಗಳು ಸ್ನೇಹಲತಾ ತುಮಕೂರಿನಲ್ಲಿ ಬಿ.ಎಡ್. ಓದುತ್ತಿದ್ದಳು. ಜೊತೆಗೆ ಹೋಗುವುದನ್ನು ನರಸಪ್ಪ ಯಾರೂ ಕೇಳುವ ಮುಂಚೆ ತಾನೇ ವಹಿಸಿಕೊಂಡಿದ್ದ. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಅಣ್ಣ ಅಂದರೆ ಇಂಥವನಿರಬೇಕು ಎಂದು ಹಟ್ಟಿ ಪೂರಾ ಹೇಳುತ್ತಿತ್ತು. ಹಾಗೆ ಹೇಳಿದಾಗಲೆಲ್ಲ ನರಸಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

ಯಾಕೆಂದರೆ ಒಂದು ವಿಷಯ ಹಟ್ಟಿಗೆ ಗೊತ್ತಿರಲಿಲ್ಲ.

ಕಾಯಿಲೆ ಶುರುವಾದ ವರ್ಷ ಬೆಂಗಳೂರಿನ ಡಾಕ್ಟರು ಮನೆಯವರಲ್ಲಿ ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಜಯರಾಮು ಇನ್ನೂ ಹದಿನೈದಿಪ್ಪತ್ತು ವರ್ಷ ಬಾಳುತ್ತಾನೆ ಎಂದಿದ್ದರು. ಶಾಂತಕುಮಾರಿಯ ರಕ್ತ ಹೊಂದಲಿಲ್ಲ. ಮಗಳದ್ದು ಬೇಡವೇ ಬೇಡ ಎಂದು ಜಯರಾಮು ಹಟ ಹಿಡಿದ. ನರಸಪ್ಪನ ಗುಂಪು ಹೊಂದಿತು. ಸಕ್ಕರೆ ಕಾಯಿಲೆ ಇದ್ದವರದ್ದು ತಗೊಳ್ಳುವುದಿಲ್ಲ, ಬರಿಹೊಟ್ಟೆಯಲ್ಲಿ ಬಂದು ರಕ್ತ ಕೊಡಿ ಎಂದು ಬರೆದುಕೊಟ್ಟರು. ಹಿಂದಿನ ರಾತ್ರಿ ನರಸಪ್ಪನಿಗೆ ನಿದ್ದೆ ಬರಲಿಲ್ಲ. ಹೊಟ್ಟೆ ಕೊಯ್ಯುತ್ತಾರೆ. ಆಮೇಲೆ ಹೆಗಲ ಮೇಲೆ ಕುರಿ ಹೊರುವುದಿರಲಿ, ಮಂದೆಯ ಹಿಂದೆ ದಿನಕ್ಕೆ ಮೂರು ಹರಿದಾರಿ ನಡೆಯಲಾಗುತ್ತದೋ ಇಲ್ಲವೋ. ಅವನು ಸಾವಿಗೆ ಹೆದರಲಿಲ್ಲ. ಗುಡಿಸಲ ಬಾಗಿಲಲ್ಲಿ ಕೂತು ಬೇರೆಯವರು ತನ್ನ ಕುರಿ ಹೊಡೆದುಕೊಂಡು ಹೋಗುವುದನ್ನು ನೋಡಬೇಕಾದೀತು ಎಂದು ಹೆದರಿದ. ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ, ತಿಪ್ಪೆಯ ಹಿಂದೆ ನಿಂತು, ಒಂದು ಮುಷ್ಟಿ ಕಡಲೇಬೀಜಕ್ಕೆ ಅಚ್ಚು ಬೆಲ್ಲದಲ್ಲಿ ಅರ್ಧ ಕಡಿದುಕೊಂಡು ತಿಂದ. ರಕ್ತದಲ್ಲಿ ಸಕ್ಕರೆ ಜಾಸ್ತಿ ಕಂಡಿತು. ಅನುಮಾನ ಇದೆ, ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಬನ್ನಿ ಎಂದರು ಡಾಕ್ಟರು. ನರಸಪ್ಪ ಮತ್ತೆ ಹೋಗಲಿಲ್ಲ. ತನಗೆ ಸಕ್ಕರೆ ಇದೆ ಎಂದು ಅವನು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಜನ ಹಾಗಂದುಕೊಂಡರು, ಅವನು ಸುಮ್ಮನಿದ್ದ.

ಅಂದಿನಿಂದ ಪ್ರತಿ ಬಸ್ಸಿನಲ್ಲೂ ಈ ಸಲ ತಮ್ಮನಿಗೆ ಹೇಳಿಬಿಡಬೇಕು ಅಂದುಕೊಂಡೇ ಹತ್ತುತ್ತಿದ್ದ. ಶಿರಾ ಬಸ್‌ಸ್ಟ್ಯಾಂಡು ಬರುತ್ತಿತ್ತು, ಮಧುಗಿರಿಯ ಬೋಳುಬಂಡೆ ಕಾಣುತ್ತಿತ್ತು, ಅವನು ತಮ್ಮನ ಕಂಕುಳಿಗೆ ಕೈಕೊಟ್ಟು ಇಳಿಸುತ್ತಿದ್ದ.

ಆಟ ಶುರುವಾದದ್ದು ಹೋದ ಮಳೆಗಾಲದಲ್ಲಿ. ಎಡಗೈಗೆ ಸೂಜಿ ಚುಚ್ಚಿಸಿಕೊಂಡು ನಾಲ್ಕು ತಾಸು ಅಲುಗದೆ ಮಲಗುವುದು ಜಯರಾಮುವಿಗೆ ಹಿಂಸೆಯಾಗಿತ್ತು. ಒಂದು ದಿನ ಸ್ನೇಹಲತಾಳ ಡ್ರಾಯಿಂಗ್ ಶೀಟೊಂದನ್ನು ಸೀರೆ ಡಬ್ಬದ ರಟ್ಟಿಗೆ ಅಂಟಿಸಿ ತಂದ. ಅದರ ಮೇಲೆ ಚೌಕಗಳು. ಒಂದು ಪಕ್ಕದಲ್ಲಿ ದಂಡೆ, ದಂಡೆಯಲ್ಲಿ ಶತ್ರುವಿನ ಬಂದರು, ಉಳಿದದ್ದೆಲ್ಲ ನೀರು. ಸಾಲುಗಳಿಗೆ ಕ, ಗ, ಚ, ಜ ಎಂದು ಅಕ್ಷರ, ಅಡ್ಡಕ್ಕೆ ಅಂಕಿ. ನಾಲ್ಕನೇ ಕ್ಲಾಸು ಓದಿದ ಅಣ್ಣನಿಗೆ ಇಷ್ಟು ಸಾಕು ಎಂದು ಲೆಕ್ಕ ಹಾಕಿಯೇ ಬರೆದಿದ್ದ.

ನರಸಪ್ಪನ ಕೈಗೆ ಸಬ್‌ಮರೀನು ಬಂತು. ಅದು ರಟ್ಟಿನ ಮೇಲೆ ಇರುವುದಿಲ್ಲ. ಯಾವ ಚೌಕದಲ್ಲಿದೆ ಎಂದು ಅವನು ಜೇಬಿನ ಪುಸ್ತಕದಲ್ಲಿ ಗುಟ್ಟಾಗಿ ಬರೆದುಕೊಳ್ಳಬೇಕು. ದೂರದ ಕಡಲಿನಿಂದ ಹೊರಟು ಬಂದರಿನ ಬಾಯಿಯ ತನಕ ಹೋಗಿ, ಒಳಗೆ ಏನಿದೆಯೆಂದು ಒಂದು ಸರದಿ ನಿಂತು ನೋಡಿ, ಸಿಕ್ಕಿಬೀಳದೆ ಹೊರಗೆ ಬಂದರೆ ಗೆದ್ದ ಹಾಗೆ. ಒಂದೊಂದೇ ಮನೆ ನಡೆದರೆ ಸದ್ದಿಲ್ಲ. ಎರಡು ಮನೆ ಹಾರಿದರೆ ಯಾವ ಸಾಲೆಂದು ಬಾಯಿಬಿಟ್ಟು ಹೇಳಬೇಕು. ಎಂಟು ಸರದಿಗೊಮ್ಮೆ ಗಾಳಿಗಾಗಿ ಮೇಲೆ ಬಂದು ಮೂತಿ ತೋರಿಸಲೇಬೇಕು. ಜಯರಾಮುವಿನದು ಎರಡು ಸೋಡಾ ಬಾಟಲಿ ಮುಚ್ಚಳ, ಅವು ಕಾವಲು ಹಡಗುಗಳು. ಪ್ರತಿ ಸರದಿಯಲ್ಲೂ ಅವನು ತನ್ನ ಹಡಗಿನ ಪಕ್ಕದ ಒಂದು ಚೌಕದ ಹೆಸರು ಹೇಳಿ ಅಲ್ಲಿದ್ದೀಯಾ ಎಂದು ಕೇಳುತ್ತಾನೆ. ಇದ್ದರೆ ಇದ್ದೇನೆ ಅನ್ನಬೇಕು, ಆಟ ಅಲ್ಲಿಗೆ ಮುಗಿಯಿತು. ಆಟ ನಿಂತಿರುವುದೇ ಆ ಒಂದು ಮಾತಿನ ಮೇಲೆ ಎಂದು ಜಯರಾಮು ಮೊದಲ ದಿನವೇ ಹೇಳಿದ್ದ.

ಇನ್ನು ಒಂದಷ್ಟು ಕಡಲೇಕಾಯಿ. ಅವು ಮೀನುದೋಣಿಗಳು. ಬೆಳಿಗ್ಗೆ ಬಂದರಿನಿಂದ ಹೊರಟು ಸಂಜೆಗೆ ಹಿಂತಿರುಗುತ್ತವೆ. ಅವುಗಳ ಪಾಡಿಗೆ ಅವು.

ಪಕ್ಕದ ಮಂಚದಲ್ಲಿ ಶಂಕರಲಿಂಗಪ್ಪ ಇರುತ್ತಿದ್ದರು. ಮಧುಗಿರಿ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟವರು, ಹಣೆ ತುಂಬ ವಿಭೂತಿ. ಮೊದಲ ದಿನ ಅವರು ಕತ್ತು ಹೊರಳಿಸಿ ರಟ್ಟು ನೋಡಿ ನಕ್ಕರು.

"ನಿಮ್ಮ ಶಿರಾ ತಾಲ್ಲೂಕಲ್ಲಿ ಕೆರೆಗೇ ನೀರಿಲ್ಲ. ನೀವಿಲ್ಲಿ ಹಡಗು ಬುಡ್ತಾ ಇದ್ದೀರಲ್ರಯ್ಯ."

ಆದರೂ ಎರಡನೇ ವಾರಕ್ಕೆ ಯಾರು ಎಲ್ಲಿದ್ದಾರೆ ಎಂದು ಅವರೇ ವಿಚಾರಿಸತೊಡಗಿದರು. ಒಮ್ಮೆ ಕೈಚಾಚಿ ಒಂದು ಕಡಲೇಕಾಯಿ ಎತ್ತಿ ಬಾಯಿಗೆ ಹಾಕಿಕೊಂಡುಬಿಟ್ಟರು. ಒಂದು ದೋಣಿ ಮುಳುಗಿತು ಎಂದು ಜಯರಾಮು ಹೇಳಿದ್ದೇ ತಡ, ನರ್ಸ್ ಶೃತಿ ಓಡಿಬಂದು ಇಬ್ಬರಿಗೂ ಬೈದಳು. ಡಯಾಲಿಸಿಸ್‌ನವರು ಕಡಲೇಕಾಯಿ ಮುಟ್ಟಬಾರದಂತೆ. ಅಂದು ವಾರ್ಡಿಗೆ ವಾರ್ಡೇ ನಕ್ಕಿತು.

ಮೊದಲ ಮೂರು ಆಟದಲ್ಲಿ ನರಸಪ್ಪ ಸಿಕ್ಕಿಬಿದ್ದ. ಕಾವಲು ಹಡಗಿನಿಂದ ಆದಷ್ಟೂ ದೂರ, ಖಾಲಿ ನೀರಿನಲ್ಲಿ ಹೋಗಬೇಕು ಎಂದುಕೊಂಡಿದ್ದ. ಖಾಲಿ ನೀರೆಂದರೆ ಜಯರಾಮುವಿಗೆ ತೆರೆದ ಬಯಲಿದ್ದ ಹಾಗೆ. ನಾಲ್ಕನೆಯ ಆಟಕ್ಕೆ ನರಸಪ್ಪನಿಗೆ ತನ್ನ ಕಸುಬು ನೆನಪಾಯಿತು. ಮಂದೆಯನ್ನು ಪಾವಗಡದ ಕಡೆ ಹೊಡೆದುಕೊಂಡು ಹೋಗುವಾಗ ಪೈರಿನ ನಡುವಿನ ದಾರಿ ಬರುತ್ತದೆ, ಊರ ನಾಯಿಗಳು ಬರುತ್ತವೆ, ದೊಣ್ಣೆ ಹಿಡಿದ ಒಕ್ಕಲು ಬರುತ್ತಾನೆ. ಮುಂದೆ ನಡೆಯುವ ಟಗರಿನ ಗಂಟೆ ಸದ್ದಾಗದಂತೆ ಹುಲ್ಲು ತುರುಕುವುದೇನೋ ಸರಿ. ಆದರೆ ಊರು ನಿಶ್ಶಬ್ದವಾಗಿರುವಾಗ ದಾಟಬಾರದು. ದನ ಮನೆಗೆ ಬರುವ ಹೊತ್ತಿಗೆ, ಅವುಗಳ ದೂಳಿನಲ್ಲಿ, ಅವುಗಳ ಗಂಟೆಯ ಸದ್ದಿನಲ್ಲಿ ಸೇರಿಕೊಂಡು, ಊರ ಮುಂದೆಯೇ ನಡೆದುಬಿಡಬೇಕು. ನಾಯಿ ಕೂಡ ತಲೆ ಎತ್ತುವುದಿಲ್ಲ.

ಅವನು ಸಬ್‌ಮರೀನನ್ನು ಕಡಲೇಕಾಯಿಗಳ ನಡುವೆ ಸೇರಿಸಿದ. ದೋಣಿಗಳು ಸಂಜೆ ಹಿಂತಿರುಗುವಾಗ ಅವುಗಳ ಜೊತೆಗೇ, ಶತ್ರುವಿನ ಬಂದರಿನತ್ತ, ಒಂದೊಂದೇ ಮನೆ ನಡೆದ. ಮೀನುದೋಣಿ ಇದ್ದ ಚೌಕದಲ್ಲಿ ಕಾವಲಿನವನಿಗೆ ಬೇರೆ ಸದ್ದು ಕೇಳಿಸುವುದಿಲ್ಲ, ಆ ಚೌಕ ಕೇಳುವ ಹಾಗಿಲ್ಲ ಎಂದು ಜಯರಾಮುವೇ ಬರೆದ ನಿಯಮವಿತ್ತು. ಜಯರಾಮು ನಾಲ್ಕು ಸರದಿ ಖಾಲಿ ನೀರಿನಲ್ಲೇ ಹುಡುಕಿದ. ಐದನೆಯದಕ್ಕೆ ಕಣ್ಣು ಕಿರಿದು ಮಾಡಿ ಅಣ್ಣನ ಮುಖ ನೋಡಿದ.

"ದೋಣಿ ಮಧ್ಯೆ ಸೇರ್ಕಂಡಿದ್ದೀಯ ಅಲ್ವಾ?"

"ನಂಗೇನ್ ಗೊತ್ಲಾ. ನೀನು ಖಾಲಿ ನೀರಲ್ಲಿ ಜಾಗ ಕೇಳು, ಹೇಳ್ತೀನಿ."

"ಇದನ್ನ ನಮಗೆ ಕೊಚ್ಚೀಲಿ ಆರು ತಿಂಗಳು ಪಾಠ ಮಾಡಿದ್ರು ಕಣಣ್ಣ" ಎಂದು ಜಯರಾಮು ಬಲಗೈಯಿಂದ ಹಣೆ ಚಚ್ಚಿಕೊಂಡ. ಅಷ್ಟು ಸಂತೋಷವಾಗಿ ಅವನು ನಕ್ಕದ್ದನ್ನು ನರಸಪ್ಪ ಆ ಎರಡು ವರ್ಷದಲ್ಲಿ ನೋಡಿರಲಿಲ್ಲ.

ಆ ಆಟ ವಾರಗಟ್ಟಲೆ ನಡೆಯಿತು. ಒಂದು ದಿನಕ್ಕೆ ಐದಾರು ಸರದಿಗಿಂತ ಹೆಚ್ಚು ಜಯರಾಮುವಿಗೆ ಆಗುತ್ತಿರಲಿಲ್ಲ. ಬರಬರುತ್ತಾ ಮೂರು, ಎರಡು. ಮುಖ ಊದಿಕೊಳ್ಳುತ್ತಿತ್ತು, ಮೆಷೀನು ನಡೆಯುತ್ತಿರುವಾಗಲೇ ರಕ್ತದೊತ್ತಡ ಇಳಿಯುತ್ತಿತ್ತು. ನರಸಪ್ಪನ ತಲೆಯಲ್ಲಿ ಯಾವಾಗಲೋ ಒಂದು ಯೋಚನೆ ಹೊಕ್ಕಿತು. ಈ ಸಬ್‌ಮರೀನು ಸಿಗದೆ ಇರುವವರೆಗೆ ತಮ್ಮನಿಗೆ ಏನೂ ಆಗುವುದಿಲ್ಲ. ಯಾರೂ ಹೇಳಿದ್ದಲ್ಲ, ಯಾವ ಶಾಸ್ತ್ರವೂ ಅಲ್ಲ. ಬೇಡವೆಂದರೂ ಅದು ಹೋಗಲಿಲ್ಲ.

ಅವನು ಬಂದರಿನ ಬಾಯಿ ಮುಟ್ಟಿದ, ಒಂದು ಸರದಿ ನಿಂತ, ಬೆಳಗಿನ ದೋಣಿಗಳ ಜೊತೆ ಹೊರಟ. ದ ಸಾಲು ದಾಟಿದ ಮೇಲೆ ದೋಣಿಗಳು ಚದುರಿಹೋಗುತ್ತವೆ. ಅಲ್ಲಿಂದಾಚೆಗೆ ಮೂರು ಮನೆ ಬರಿ ನೀರು, ಆಮೇಲೆ ದೊಡ್ಡ ಕಡಲು. ಆ ಶುಕ್ರವಾರ ಅವನು ದೋಣಿಗಳನ್ನು ಬಿಟ್ಟು ಮೊದಲನೆಯ ಮನೆಗೆ ಕಾಲಿಟ್ಟ. ಪುಸ್ತಕದಲ್ಲಿ ನ-ನಾಲ್ಕು ಎಂದು ಬರೆದ.

ಅಂದು ಜಯರಾಮುವಿನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಶೃತಿ ಮಂಚದ ಕಾಲುಕಡೆ ಎತ್ತರಿಸಿ, ಮಾತಾಡಿಸಬೇಡಿ ಎಂದು ಹೋಗಿದ್ದಳು. ಅವನು ಕಣ್ಣು ಮುಚ್ಚಿಕೊಂಡೇ ಮುಚ್ಚಳ ಎಲ್ಲಿಡಬೇಕೆಂದು ಹೇಳಿದ, ನರಸಪ್ಪ ಇಟ್ಟ. ಆಮೇಲೆ ಜಯರಾಮು ಮೆಲ್ಲಗೆ ಕೇಳಿದ.

"ನ-ನಾಲ್ಕು."

ನರಸಪ್ಪ ಪುಸ್ತಕದ ಮೇಲೆ ಅಂಗೈ ಇಟ್ಟ. ಮೆಷೀನು ತಿರುಗುತ್ತಿತ್ತು, ಕೊಳವೆಯಲ್ಲಿ ತಮ್ಮನ ರಕ್ತ ಹೋಗಿ ಬರುತ್ತಿತ್ತು.

"ಇಲ್ಲ ಕಣ್ಲಾ" ಎಂದ.

"ಸರಿ" ಎಂದ ಜಯರಾಮು.

ಮುಂದಿನ ಮಂಗಳವಾರ ಸಬ್‌ಮರೀನು ದೊಡ್ಡ ಕಡಲು ಸೇರಿತು. ಆಚೆ ಬಂದೆ ಎಂದು ನರಸಪ್ಪ ಹೇಳಿದಾಗ ಶಂಕರಲಿಂಗಪ್ಪನವರು ಸೂಜಿಯಿಲ್ಲದ ಕೈಯಿಂದ ಮಂಚ ಬಡಿದು, ಕುರುಬ ಗೆದ್ನಪ್ಪ ಎಂದರು. ಕುರುಬರಲ್ಲ, ಗೊಲ್ಲರು ಎಂದು ಜಯರಾಮು ತಿದ್ದಿದ. ಕುರಿ ಒಂದೇ ತಾನೆ ಎಂದು ಅವರು ನಕ್ಕರು. ಜಯರಾಮು ಅಣ್ಣನ ಕಡೆ ಬಲಗೈ ಚಾಚಿದ.

"ಪುಸ್ತಕ ಕೊಡು."

ಆಟ ಮುಗಿದ ಮೇಲೆ ಪುಸ್ತಕ ತೋರಿಸಿ, ನಡೆದ ದಾರಿಯನ್ನು ಇಬ್ಬರೂ ಕೂಡಿ ನೋಡಬೇಕೆಂಬುದು ನಿಯಮ. ಹಿಂದಿನ ಮೂರು ಆಟದಲ್ಲೂ ನೋಡಿದ್ದರು. ನರಸಪ್ಪನಿಗೆ ಅದು ಮರೆತೇಹೋಗಿತ್ತು. ಅವನ ಬಾಯಿ ಇಲ್ಲವೆಂದಿತ್ತು, ಆದರೆ ಕೈ ಇದ್ದದ್ದನ್ನೇ ಬರೆದಿತ್ತು. ನಲವತ್ತು ವರ್ಷ ಸಂಜೆಗೊಮ್ಮೆ ಕುರಿ ಎಣಿಸಿದವನ ಕೈಗೆ ಇಲ್ಲದ್ದನ್ನು ಗುರುತು ಹಾಕಿಕೊಳ್ಳುವುದು ಬರುತ್ತಿರಲಿಲ್ಲ. ಅವನು ಪುಸ್ತಕ ಕೊಟ್ಟ.

ಜಯರಾಮುವಿನ ಬೆರಳು ಒಂದೊಂದೇ ಸಾಲು ಇಳಿಯಿತು. ಬಂದರಿನ ಬಾಯಿ ದಾಟಿತು, ದೋಣಿಗಳ ಜೊತೆ ಹೊರಗೆ ಬಂತು, ನಿಂತಿತು.

"ಅವತ್ತು ನೀನು ಇಲ್ಲಿದ್ದೆ."

"ಊಂ."

"ನಾನು ಕೇಳ್ದೆ."

ಶಂಕರಲಿಂಗಪ್ಪನವರು ಗೋಡೆ ಕಡೆಗೆ ಮುಖ ತಿರುಗಿಸಿ ನಿದ್ದೆ ಬಂದವರ ಹಾಗೆ ಮಲಗಿಬಿಟ್ಟರು.

"ಇಲ್ಲ ಅಂದಾಗ್ಲೇ ಗೊತ್ತಾಯ್ತು ಬುಡು" ಎಂದ ಜಯರಾಮು. "ಗಾಳಿಗೆ ಮೇಲೆ ಬಂದಲ್ಲಿಂದ ಎಣಿಸ್ಕಂಡು ಬಂದಿದ್ದೆ. ನೀನು ಉಸಿರು ಹಿಡ್ದಿದ್ದೂ ಕೇಳುಸ್ತು."

"ಮತ್ತೆ ಯಾಕ್ಲಾ ಹೇಳ್ಲಿಲ್ಲ?"

"ಹೇಳಿದ್ರೆ ಅವತ್ತೇ ಮುಗ್ದೋಗಿರೋದು."

ಎರಡು ವರ್ಷ ಬಸ್ಸಿನಲ್ಲಿ ಹೇಳದೆ ಉಳಿದ ಮಾತು ಆಗ ತಾನಾಗಿಯೇ ಬಂತು. ನರಸಪ್ಪ ತಲೆ ಎತ್ತದೆ, ರಟ್ಟಿನ ಮೇಲಿನ ಕಡಲೇಕಾಯಿಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತಾ ಹೇಳಿದ. ತಿಪ್ಪೆ ಹಿಂದೆ ನಿಂತದ್ದು, ಬೆಲ್ಲ ಕಡಿದದ್ದು, ಮೂರು ತಿಂಗಳು ಬಿಟ್ಟು ಕರೆದರೂ ಹೋಗದಿದ್ದದ್ದು, ಯಾಕೆ ಹೆದರಿದೆನೆಂಬುದು, ಎಲ್ಲ. ಹೇಳುವುದಕ್ಕೆ ಬಹಳ ಹೊತ್ತೇನೂ ಹಿಡಿಯಲಿಲ್ಲ. ಇಷ್ಟೇ ಇಷ್ಟು ಮಾತನ್ನು ಎರಡು ವರ್ಷ ಹೊತ್ತೆನಲ್ಲಾ ಎನಿಸಿತು.

ಜಯರಾಮು ಸೂರು ನೋಡುತ್ತಿದ್ದ.

"ಅದೂ ಗೊತ್ತಿತ್ತು. ಅವತ್ತು ಬಸ್ಸಲ್ಲಿ ಪಕ್ಕದಲ್ಲೇ ಕೂತಿದ್ದೆ ನೀನು. ಬೆಲ್ಲದ ವಾಸ್ನೆ ಬಂತು."

"ಒಂದ್ ಮಾತು ಕೇಳಬಾರ್ದಿತ್ತಾ ನನ್ನ?"

"ಕೇಳಿದ್ರೆ ನೀನು ಇಲ್ಲ ಅಂತಿದ್ದೆ. ಆಮೇಲೆ ಇಬ್ರೂ ಅದನ್ನಿಟ್ಕಂಡು ವಾರಕ್ಕೆ ಎರಡು ದಿನ ಬಸ್ಸಲ್ಲಿ ಹೆಂಗ್ ಕೂರೋದು?"

ನರಸಪ್ಪ ಮುಂದಕ್ಕೆ ಬಾಗಿ ತಮ್ಮನ ಬಲಗೈ ಹಿಡಿದುಕೊಂಡ. ಈಗ ಹೋಗೋಣ, ನಾಳೆಯೇ ಬೆಂಗಳೂರಿಗೆ ಹೋಗೋಣ, ಏನು ಬೇಕಾದರೂ ಕೊಯ್ದು ತಗೊಳ್ಳಲಿ ಎಂದ. ಜಯರಾಮು ಕೈ ಬಿಡಿಸಿಕೊಳ್ಳಲಿಲ್ಲ. ಹೋದ ತಿಂಗಳು ಬೆಂಗಳೂರಿಗೆ ತೋರಿಸಿಕೊಳ್ಳಲು ಹೋಗಿದ್ದಾಗ ಎದೆಯ ಸ್ಕ್ಯಾನು ಮಾಡಿದ್ದರಂತೆ. ಹೃದಯ ಸೋತಿದೆ, ಇನ್ನು ಯಾರು ಕೊಟ್ಟರೂ ಆಪರೇಷನ್ ತಡೆಯುವುದಿಲ್ಲ ಎಂದು ಅವನೊಬ್ಬನನ್ನೇ ಒಳಗೆ ಕರೆದು ಹೇಳಿದರಂತೆ. ಹೆಂಡತಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ.

ಕೊನೆಗೆ ಅವನು ಕಣ್ಣು ತಿರುಗಿಸಿ ಅಣ್ಣನನ್ನು ನೋಡಿದ.

"ಶಾಂತಿಗೆ ಹೇಳಬ್ಯಾಡ. ಬೆಲ್ಲದ್ದು. ಹೇಳಿದ್ರೆ ನೀನು ಹಗುರ ಆಗ್ತೀಯ. ಅವಳು ನಾಳೆ ನಿಮ್ಮ ಬಾಗಿಲ ಮುಂದೇನೇ ನೀರಿಗೆ ಹೋಗಬೇಕು, ನಿನ್ನೇ ಭಾವ ಅನ್ನಬೇಕು. ಅವಳ ತಲೆ ಮೇಲೆ ಹೊರುಸ್ಬ್ಯಾಡ."

"ನೀನು ಬೈದುಬುಡೋ ಒಂದ್ಸಲ" ಎಂದ ನರಸಪ್ಪ.

ಜಯರಾಮು ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಬಾಯಾರುತ್ತೆ, ಒಂದು ಗುಟುಕು ನೀರು ಕೊಡು ಎಂದ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯುವ ಹಾಗಿರಲಿಲ್ಲ. ನರಸಪ್ಪ ಬಾಟಲಿಯ ಮುಚ್ಚಳದಲ್ಲಿ ಅಳೆದು ಕುಡಿಸಿದ.

ಮತ್ತೆ ಅವರು ಆಟ ಹೂಡಲಿಲ್ಲ. ಮಾಘ ಮಾಸದ ಒಂದು ಬೆಳಿಗ್ಗೆ, ಅಂಗಳದ ಎಳೆಬಿಸಿಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಜಯರಾಮು, ಅರ್ಧ ಲೋಟ ಕಾಫಿ ಕೈಯಲ್ಲಿರುವಾಗಲೇ ಕತ್ತು ವಾಲಿಸಿದ. ನರಸಪ್ಪ ಕೆರೆಯಂಗಳದಲ್ಲಿ ಕುರಿ ಬಿಟ್ಟುಕೊಂಡಿದ್ದ. ಪಕ್ಕದ ಮನೆಯ ರಂಗನಾಥ ಬೈಕಿನಲ್ಲಿ ಬಂದು, ಎಂಜಿನ್ ಆರಿಸದೆ, ಹಿಂದೆ ಕೂರಲು ಜಾಗ ಬಿಟ್ಟು ನಿಂತ. ಕೇಳುವುದೇನೂ ಇರಲಿಲ್ಲ. ಹೊಲದ ಬದುವಿನ ಮೇಲೆ, ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದರು. ಹನ್ನೊಂದನೇ ದಿನದ ಕಾರ್ಯದ ಹಿಂದಿನ ದಿನ ಶಂಕರಲಿಂಗಪ್ಪನವರು ಫೋನು ಮಾಡಿದ್ದರು. ಪಕ್ಕದ ಮಂಚಕ್ಕೆ ಬೇರೆಯವನು ಬಂದಿದ್ದಾನೆ, ದಿನವೆಲ್ಲ ಮೊಬೈಲಿನಲ್ಲಿ ಹಾಡು ಹಾಕುತ್ತಾನೆ ಎಂದು ಹೇಳಿ ಇಟ್ಟರು.

ಮಂಗಳವಾರ ಬಂತು. ನರಸಪ್ಪ ಅಭ್ಯಾಸಬಲದಿಂದ ಬೇಗ ಎದ್ದು ರೊಪ್ಪ ಬದಲಾಯಿಸಿ ಮುಗಿಸಿದ. ಏಳು ಗಂಟೆ ಬಸ್ಸು ಹಾರನ್ ಹಾಕಿ ಹೋಯಿತು. ಮಂದೆ ಹೊರಡುವ ಹೊತ್ತಿನವರೆಗೆ ಮಾಡಲು ಕೆಲಸವಿಲ್ಲದೆ ಕಂಬಳಿ ಹಾಸಿ ಕೂತ.

ಶಾಂತಕುಮಾರಿ ಅಂಗನವಾಡಿಗೆ ಹೋಗುವ ಮುಂಚೆ ರೊಪ್ಪದ ಹತ್ತಿರ ಬಂದಳು. ನೌಕಾಪಡೆಗೆ ಸೇರುವಾಗ ಜಯರಾಮು ತನ್ನ ಪಾಲಿನ ಕುರಿಗಳನ್ನು ಅಣ್ಣನ ಮಂದೆಯಲ್ಲೇ ಬಿಟ್ಟುಹೋಗಿದ್ದ. ಅವು ಪೀಳಿಗೆಯಿಂದ ಪೀಳಿಗೆಗೆ ಅಲ್ಲೇ ಬೆಳೆದಿದ್ದವು. ಗುರುತಿಗೆ ಅವನ ಕುರಿಗಳಿಗೆ ಎಡಗಿವಿಯ ತುದಿ ಸೀಳುತ್ತಿದ್ದರು, ನರಸಪ್ಪನವಕ್ಕೆ ಬಲಗಿವಿ. ಅವಳು ಬಲೆಯ ಆಚೆ ನಿಂತು, ನೆಲ ನೋಡುತ್ತಾ, ತಾನೂ ಸ್ನೇಹಲತಾಳೂ ಮಾತಾಡಿಕೊಂಡಿದ್ದೇವೆ ಎಂದಳು. ಆ ಕುರಿಗಳೆಲ್ಲ ಇನ್ನು ಭಾವನವೇ. ಎರಡು ವರ್ಷ ಮಳೆ ಬಿಸಿಲು ನೋಡದೆ ಹೆಗಲು ಕೊಟ್ಟು ಬಸ್ಸು ಹತ್ತಿಸಿ ಇಳಿಸಿದವರಿಗೆ ತಾವು ಇನ್ನೇನು ಕೊಡಲಾದೀತು ಎಂದಳು.

"ಬ್ಯಾಡ ಕಣಮ್ಮ" ಎಂದ ನರಸಪ್ಪ.

"ಇಲ್ಲ ಅನ್ಬೇಡಿ ಭಾವ. ನಿಮ್ಮ ಋಣ ಇಟ್ಕಂಡು ನಾವು ಹೆಂಗ್ ಬದುಕೋದು? ಒಡಹುಟ್ಟಿದೋರು ಯಾರ್ ಮಾಡ್ತಾರೆ ಇಷ್ಟು?"

ಅವನ ಬಾಯಿ ತೆರೆಯಿತು. ಅವಳು ಮುಖ ಎತ್ತಿ ಕಾಯುತ್ತಿದ್ದಳು. ಅತ್ತು ಅತ್ತು ರೆಪ್ಪೆ ಊದಿತ್ತು. ಆ ಮುಖಕ್ಕೆ ಹೇಳಿ ತಾನು ಹಗುರಾಗುವುದು ಎಷ್ಟು ಸುಲಭವೆಂದು ಅವನಿಗೆ ಕಂಡಿತು. ಬಾಯಿ ಮುಚ್ಚಿದ.

ಹಿಂದಿನ ದಿನ ಜಯರಾಮುವಿನ ಕುರಿಯೊಂದು ಈದಿತ್ತು. ಅವಳು ಬಲೆ ದಾಟಿ ಬಂದು, ಮಂಕರಿ ಎತ್ತಿ, ಆ ಮರಿಯನ್ನು ಎದೆಗವಚಿಕೊಂಡು ತಂದಳು. ಇದರಿಂದಲೇ ಶುರು ಮಾಡಿ, ನಿಮ್ಮ ಗುರುತು ಹಾಕಿ ಎಂದು ಬಲಗಿವಿಯನ್ನು ಅವನ ಕಡೆಗೆ ಹಿಡಿದಳು. ಇನ್ನೂ ಬೇಡವೆಂದರೆ ಕಾರಣ ಹೇಳಬೇಕಾಗುತ್ತಿತ್ತು. ನರಸಪ್ಪ ಸೊಂಟದಿಂದ ಚೂರಿ ತೆಗೆದು ಪಂಚೆಗೆ ಒರೆಸಿದ. ಮರಿಯ ತಲೆಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಆಚೆಗೆ ತಿರುಗಿಸಿ, ಎಡಗಿವಿಯ ತುದಿ ಸೀಳಿದ. ಮರಿ ಒಮ್ಮೆ ಕಿರುಚಿತು. ಅವನು ಗಾಯಕ್ಕೆ ಅರಿಸಿನ ಒತ್ತಿದ.

"ಅದು ಎಡಗಿವಿ ಭಾವ" ಎಂದಳು ಶಾಂತಕುಮಾರಿ.

"ಕೈಗೆ ರೂಢಿ ಬಿದ್ಬುಟ್ಟೈತೆ ಕಣಮ್ಮ. ಮುಂದಿನ್ದಕ್ಕೆ ನೋಡಾಣ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅಂಗನವಾಡಿಯ ಕಡೆಗೆ ನಡೆದಳು. ಮಂಕರಿಯ ಕೆಳಗೆ ಅವಳ ಪಾಲಿನ ಇನ್ನೊಂದು ಮರಿ ಇತ್ತು. ನರಸಪ್ಪ ಅದನ್ನೂ ಎತ್ತಿಕೊಂಡು, ಅವಳು ದಾರಿಯ ತಿರುವು ದಾಟುವ ತನಕ ಕಾದು, ಅದರ ಎಡಗಿವಿಗೆ ಚೂರಿ ಇಟ್ಟ.